ಪಿಕಪ್ಪಿನಲ್ಲಿ ಓಡಾಡುವ ಹತ್ಯಾರಿಗೂ ಒಂದು ಜಾಗ ಬೇಕು

ಮಲೆನಾಡಿನಲ್ಲಿ ಕತ್ತಿ ಕೆಲಸ ಮಾಡಿ ಸವೆಯುವುದಕ್ಕಿಂತ ಗಾಡಿಯಲ್ಲಿ ಬಿದ್ದು ಹಾಳಾಗುವುದೇ ಈಗ ಹೆಚ್ಚು. 2005ರಲ್ಲಿ ಟಾಟಾ ಏಸ್ ಬಂತು. ನೋಡನೋಡುತ್ತ ಸಣ್ಣ ಹಿಡುವಳಿದಾರರ ಅಂಗಳದಲ್ಲೂ ಸರಕು ಗಾಡಿಗಳು ನಿಂತವು. ಮೊದಲು ಹತ್ಯಾರು ಕೊಟ್ಟಿಗೆಯ ಮೂಲೆಯಿಂದ ಹೆಗಲೇರಿ ತೋಟಕ್ಕೆ ಹೋಗುತ್ತಿತ್ತು, ಸಂಜೆ ಅದೇ ಮೂಲೆಗೆ ಮರಳುತ್ತಿತ್ತು. ಈಗ ಎರಡು ಮೂರು ಕಡೆ ತೋಟ ಇರುವವರ ಹತ್ಯಾರಿಗೆ ಗಾಡಿಯೇ ಮನೆಯಾಗಿದೆ. ಗುದ್ದಲಿ, ಪಿಕಾಸಿ, ಕೊಡಲಿ, ಗರಗಸ, ಸಿಕೇಚರ್ ಎಲ್ಲವೂ ಗೊಬ್ಬರದ ಚೀಲದ ಕೆಳಗೆ, ಒದ್ದೆ ಗೋಣಿತಾಟಿನ ಮೇಲೆ. ಗಾಡಿ ಗುಂಡಿಗೆ ಬಿದ್ದಾಗೆಲ್ಲ ಒಂದರ ಬಾಯಿ ಇನ್ನೊಂದರ ಬೆನ್ನಿಗೆ ಬಡಿಯುತ್ತದೆ. ಬೆಳಿಗ್ಗೆ ಮಸೆದ ಹರಿತ ತೋಟ ಮುಟ್ಟುವುದರೊಳಗೆ ಹೋಗಿರುತ್ತದೆ.

ನಮ್ಮ ಹಿರಿಯರು ಸೊಂಟಕ್ಕೆ ಕಟ್ಟುತ್ತಿದ್ದ ಮರದ ಕೊಕ್ಕೆಯನ್ನು ಗಮನಿಸಿ. ಅದರಲ್ಲಿ ಕತ್ತಿ ಒಂದೇ ಕಡೆ ಆತುಕೊಂಡು ತೂಗುತ್ತದೆ, ಬಾಯಿ ಯಾವುದಕ್ಕೂ ತಾಗುವುದಿಲ್ಲ, ಎರಡೂ ಬದಿಗೆ ಗಾಳಿಯಾಡುತ್ತದೆ, ನೀರು ಇಳಿದುಹೋಗುತ್ತದೆ. ಪಿಕಪ್ಪಿನಲ್ಲೂ ಇಷ್ಟೇ ಬೇಕಾಗಿರುವುದು. ರಾಶಿ ಹಾಕಬಾರದು, ತೂಗುಹಾಕಬೇಕು ಅಥವಾ ನಿಲ್ಲಿಸಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು. ನೀರು ನಿಲ್ಲಬಾರದು.

ಎಲ್ಲಕ್ಕಿಂತ ಮೊದಲು ಮೈಲುತುತ್ತದ ವಿಷಯ ಹೇಳಬೇಕು. ಹೆಚ್ಚಿನ ಹಾನಿ ಆಗುವುದು ಅದರಿಂದ, ಮತ್ತು ಅದನ್ನು ತಪ್ಪಿಸಲು ಖರ್ಚೇನೂ ಇಲ್ಲ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆಯಬೇಕು. ಆಗ ಗಾಡಿಯಲ್ಲಿ ತುತ್ತ, ಸುಣ್ಣ, ಡ್ರಮ್ಮಿನ ಜೊತೆಗೇ ಕತ್ತಿ, ಗುದ್ದಲಿಗಳೂ ಇರುತ್ತವೆ. 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ ಹಾಕಿ ಶೇ. 1ರ ಬೋರ್ಡೋ ದ್ರಾವಣ ತಯಾರಿಸಿ ಗೊತ್ತಿರುವವರಿಗೆ ಕತ್ತಿಯ ಪರೀಕ್ಷೆಯೂ ಗೊತ್ತು. ಹೊಳೆಯುವ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ತಾಮ್ರದ್ದು. ತುತ್ತದಲ್ಲಿದ್ದ ತಾಮ್ರ ಕತ್ತಿಯ ಮೇಲೆ ಕೂರುವಾಗ ಕತ್ತಿಯ ಕಬ್ಬಿಣ ಅಷ್ಟಷ್ಟೇ ಕರಗಿ ನೀರಿಗೆ ಸೇರುತ್ತದೆ. ತೊಟ್ಟಿಯಲ್ಲಿ ಅರೆಕ್ಷಣ ಬೇಕೆಂದೇ ಮಾಡುವ ಈ ಪರೀಕ್ಷೆಯೇ ತುತ್ತದ ಪುಡಿ ಚೆಲ್ಲಿದ ಒದ್ದೆ ಗಾಡಿಯಲ್ಲಿ ದಿನವಿಡೀ ನಡೆಯುತ್ತಿರುತ್ತದೆ. ಕತ್ತಿಯನ್ನಷ್ಟೇ ಅಲ್ಲ, ಬಣ್ಣ ಕಿತ್ತುಹೋದ ಕಡೆ ಗಾಡಿಯ ತಗಡನ್ನೂ ಅದು ತಿನ್ನುತ್ತದೆ. ಆದ್ದರಿಂದ ತುತ್ತವನ್ನು ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯಿರಿ. ಹತ್ಯಾರು ಒಂದು ಕಡೆಗಿರಲಿ, ತುತ್ತ ಇನ್ನೊಂದು ಕಡೆಗೆ.

ಪೊಟ್ಯಾಷ್, ಯೂರಿಯಾಗಳೂ ಕಬ್ಬಿಣಕ್ಕೆ ಒಳ್ಳೆಯವಲ್ಲ. ಎರಡೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಅಡುಗೆ ಉಪ್ಪಿನಲ್ಲಿರುವುದೇ, ತುಕ್ಕಿನ ವೇಗವನ್ನು ಅದು ಹೆಚ್ಚಿಸುತ್ತದೆ. ಆಗುಂಬೆಯ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರುಗಳಲ್ಲಿ ಗೊಬ್ಬರದ ಧೂಳು ಮೆತ್ತಿದ ಗುದ್ದಲಿ ಒಂದು ರಾತ್ರಿಯಲ್ಲಿ ಕಂದಾಗುವುದು ಸಹಜ. ಗೊಬ್ಬರ ಇಳಿಸಿದ ದಿನ ಗಾಡಿಯ ಹಿಂಭಾಗವನ್ನು ನೀರು ಹಾಕಿ ತೊಳೆದೇ ಬಿಡಿ.

ಇನ್ನು ಗಾಡಿಯಲ್ಲಿ ಹತ್ಯಾರು ಇಡುವ ಪೆಟ್ಟಿಗೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನದು ಮಾಡಿಸಬಹುದು, ಬಡಗಿಯಿಂದ ಹಲಗೆಯದು ಮಾಡಿಸಬಹುದು. ನನ್ನ ಮತ ಹಲಗೆಗೆ. ತಗಡು ರಾತ್ರಿ ತಣ್ಣಗಾದಾಗ ಒಳಮೈ ಬೆವರುತ್ತದೆ, ಆ ಹನಿ ಹತ್ಯಾರಿನ ಮೇಲೆ ಬೀಳುತ್ತದೆ. ಯಾವುದೇ ಆದರೂ ಚಾಲಕನ ಕ್ಯಾಬಿನ್ನಿನ ಹಿಂದೆ ಅಡ್ಡಲಾಗಿ ಕೂರಿಸಿ ಬೋಲ್ಟ್ ಹಾಕಿ ಬಿಗಿಯಿರಿ. ಅಡಿಗೆ ಎರಡು ರೀಪು ಕೊಟ್ಟು ನೆಲದಿಂದ ಎತ್ತರಿಸಿ, ತಳದಲ್ಲಿ ನೀರಿಳಿಯಲು ತೂತು ಇರಲಿ, ಬದಿಯಲ್ಲಿ ಗಾಳಿಗೆ ನಾಲ್ಕು ಕಿಂಡಿ ಇರಲಿ. ಗೋಣಿತಾಟು ಹಾಸಬೇಡಿ, ಒಮ್ಮೆ ನೆನೆದರೆ ವಾರವಾದರೂ ಒಣಗುವುದಿಲ್ಲ. ಅದರ ಬದಲು ಹಳೆಯ ರಬ್ಬರ್ ಮ್ಯಾಟ್ ಹಾಸಿ. ಪ್ಲಾಸ್ಟಿಕ್ ಚೀಲದಲ್ಲಿ ಕತ್ತಿ ಸುತ್ತಿಡುವ ಅಭ್ಯಾಸವೂ ತಪ್ಪು, ಒಳಗಿನ ತೇವ ಒಳಗೇ ಉಳಿಯುತ್ತದೆ.

ಮುಚ್ಚಳದ ಒಳಮೈಗೆ ಒಂದೊಂದು ಹತ್ಯಾರಿನ ಆಕಾರವನ್ನು ಬಣ್ಣದಲ್ಲಿ ಬರೆದು, ಅದರ ಮೇಲೆ ಮೊಳೆ ಅಥವಾ ಕ್ಲಿಪ್ ಹೊಡೆಯಿರಿ. ಸಂಜೆ ಯಾವ ಆಕಾರ ಬರಿದಾಗಿದೆಯೋ ಆ ಹತ್ಯಾರು ತೋಟದಲ್ಲೇ ಉಳಿದಿದೆ ಎಂದು ಕೆಲಸದವರಿಗೂ ತಕ್ಷಣ ತಿಳಿಯುತ್ತದೆ, ಯಾರನ್ನೂ ವಿಚಾರಿಸುವ ಪ್ರಮೇಯ ಬರುವುದಿಲ್ಲ. ಕಾವುಗಳಿಗೆ ಎರಡು ಬೆರಳಗಲ ಹಳದಿ ಅಥವಾ ಕೆಂಪು ಬಣ್ಣ ಬಳಿದರೆ ಸೊಪ್ಪಿನ ನಡುವೆ ಹುಡುಕುವುದೂ ಸುಲಭ.

ಹರಿತದ ಬಾಯಿಗಳಿಗೆ ಒರೆ ಕೊಳ್ಳಬೇಕಾಗಿಲ್ಲ. ಹನಿ ನೀರಾವರಿಯ ಹಳೆ ಲ್ಯಾಟರಲ್ ಪೈಪನ್ನು ಉದ್ದಕ್ಕೆ ಸೀಳಿದರೆ ಗರಗಸದ ಹಲ್ಲಿಗೂ ಕುಡುಗೋಲಿನ ಬಾಯಿಗೂ ಸರಿಯಾಗಿ ಕೂರುತ್ತದೆ. ಕೊಡಲಿಗೆ ಹಳೆ ಟ್ಯೂಬಿನ ತುಂಡು ಸಾಕು. ತೇವ ಸಿಕ್ಕಿಕೊಳ್ಳದಂತೆ ವಾರಕ್ಕೊಮ್ಮೆ ಇವನ್ನು ಕಳಚಿ ಒಣಗಿಸಿ.

ಪೆಟ್ಟಿಗೆಯಲ್ಲಿ ಹಿಡಿಸದ್ದು ಹಾರೆ. ಗಡಾರಿ ಎನ್ನಿ, ಹಾರೆ ಎನ್ನಿ, ಆ ಐದಾರು ಅಡಿ ಕಬ್ಬಿಣವನ್ನು ಸುಮ್ಮನೆ ಗಾಡಿಯಲ್ಲಿ ಉರುಳಲು ಬಿಡುವುದು ಜೀವಕ್ಕೇ ಅಪಾಯ. 40 ಕಿ.ಮೀ. ವೇಗದಲ್ಲಿದ್ದ ಗಾಡಿ ಗಕ್ಕನೆ ನಿಂತರೆ ಗಾಡಿ ಮಾತ್ರ ನಿಲ್ಲುತ್ತದೆ, ಹಾರೆ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಬದಿಯ ತಗಡಿನ ಉದ್ದಕ್ಕೆ ಪಿವಿಸಿ ಪೈಪಿನ ತುಂಡೊಂದನ್ನು ಕ್ಲಾಂಪಿನಿಂದ ಬಿಗಿದು, ಮುಂದಿನ ತುದಿ ಮುಚ್ಚಿ, ಹಾರೆಯನ್ನು ಅದರೊಳಗೆ ತೂರಿಸಿ, ಹಿಂದಿನಿಂದ ಹಗ್ಗದಲ್ಲಿ ಕಟ್ಟಿ. ತುದಿ ಗಾಡಿಯಿಂದ ಹೊರಚಾಚಬಾರದು, ಹಿಂದೆ ಬರುವ ಬೈಕಿನವರಿಗೆ ಅದು ಕತ್ತಲಲ್ಲಿ ಕಾಣುವುದಿಲ್ಲ. ಹತ್ಯಾರಿನ ಜೊತೆ ಜನರನ್ನು ಹಿಂದೆ ಕೂರಿಸುವ ರೂಢಿ ಇನ್ನೂ ಹೋಗಿಲ್ಲ. ಕೆಲಸಕ್ಕೆ ಬರುವವರು ನಮ್ಮನ್ನು ನಂಬಿ ಬರುತ್ತಾರೆ, ದಯವಿಟ್ಟು ಇದನ್ನು ನಿಲ್ಲಿಸಿ.

ಸಂಜೆಯ ಕೆಲಸಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಮಣ್ಣನ್ನು ಆ ತೋಟದಲ್ಲೇ ಕೆರೆದು ಹಾಕಿ, ಮನೆಗೆ ತರಬೇಡಿ. ಕಾಳುಮೆಣಸಿನ ಶೀಘ್ರ ಸೊರಗು ರೋಗ, ಶುಂಠಿಯ ಕೊಳೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ದಾರಿಗಳಲ್ಲಿ ಗುದ್ದಲಿಗೆ ಮೆತ್ತಿದ ಮಣ್ಣೂ ಒಂದು. ಗಾಡಿ ಇರುವ ರೈತರು ಒಂದೇ ದಿನ ಮೂರು ತೋಟ ಸುತ್ತುವುದರಿಂದ ಈ ಎಚ್ಚರ ಅವರಿಗೇ ಹೆಚ್ಚು ಬೇಕು. ಸವರುವ ಸಿಕೇಚರನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿದರೆ ರೋಗಾಣು ಸಾಯುತ್ತದೆ, ಆದರೆ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಶೇ. 70ರ ಸ್ಪಿರಿಟ್‌ನಲ್ಲಿ ಒರೆಸುವುದು ಮೇಲು. ಅಡಿಕೆಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆ ಮಾಡುತ್ತದೆ, ಹಲಸಿನ ಮೇಣ ಅಂಟಿ ಕೂರುತ್ತದೆ. ಮೇಣಕ್ಕೆ ಸ್ವಲ್ಪ ತೆಂಗಿನೆಣ್ಣೆ ತಿಕ್ಕಿದರೆ ಬಿಡುತ್ತದೆ. ಕೊನೆಗೆ ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ ಪೆಟ್ಟಿಗೆಗೆ ಸೇರಿಸಿ. ಗಾಡಿಯಿಂದ ತೆಗೆದ ಸುಟ್ಟ ಆಯಿಲ್ ಬಳಸುವವರು ಬಹಳ. ಅದು ಕೈಗೂ ಮಣ್ಣಿಗೂ ಒಳ್ಳೆಯದಲ್ಲ, ಹೊಸ ಆಯಿಲ್ ಒಂದು ಲೀಟರ್ ತಂದರೆ ಸವರಲು ಬಹುಕಾಲ ಬರುತ್ತದೆ.

ಆಗಲೇ ತುಕ್ಕು ಹಿಡಿದಿದ್ದರೆ ಹುಣಸೆರಸದಲ್ಲೋ ವಿನೆಗರ್‌ನಲ್ಲೋ ರಾತ್ರಿಯಿಡೀ ನೆನೆಸಿ, ತಂತಿ ಬ್ರಷ್‌ನಲ್ಲಿ ತಿಕ್ಕಿ, ತಿಳಿ ಸುಣ್ಣದ ನೀರಿನಲ್ಲಿ ತೊಳೆದು ಹುಳಿ ಕಳೆಯಿರಿ. ಸುಣ್ಣ ಹೇಗೂ ಮನೆಯಲ್ಲಿ ಇರುತ್ತದೆ. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಮಸೆಯಲು ಗಾಡಿಯಲ್ಲಿ ಒಂದು ಅರ, ಒಂದು ಸಾಣೆಕಲ್ಲು ಇರಲಿ. ಅರವನ್ನು ಮುಂದಕ್ಕೆ ಒತ್ತಿ ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಬೇಕು. ಸಿಕೇಚರ್‌ಗೆ ಇಳಿಜಾರು ಇರುವ ಒಂದೇ ಬದಿ ಮಸೆಯಿರಿ. ಗ್ರೈಂಡರ್ ಯಂತ್ರಕ್ಕೆ ಒಡ್ಡಿದ ಕತ್ತಿಯ ಬಾಯಿ ನೀಲಿಗಟ್ಟಿದರೆ ಕುಲುಮೆಯಲ್ಲಿ ಕೊಟ್ಟ ಹದ ಅಲ್ಲಿಗೆ ಮುಗಿಯಿತು. ಆ ಜಾಗ ಮೆತ್ತಗಾಗಿ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ, ಮತ್ತೆ ಕಮ್ಮಾರರ ಬಳಿಗೇ ಒಯ್ಯಬೇಕು.

ವರ್ಷದ ದೊಡ್ಡ ರಿಪೇರಿಗೆ ಆಯುಧಪೂಜೆಯ ಹಿಂದಿನ ವಾರ ಹೇಳಿ ಮಾಡಿಸಿದ ಸಮಯ. ಮಳೆ ಇಳಿದಿರುತ್ತದೆ, ಹತ್ಯಾರು ತೊಳೆಯುವ ಸಂಪ್ರದಾಯವೂ ಇದೆ. ಕಾವು ಸಡಿಲವಾದ ಗುದ್ದಲಿಯನ್ನು ನೀರಿನಲ್ಲಿ ನೆನೆಹಾಕಬೇಡಿ. ಮರ ಉಬ್ಬಿ ಆ ಹೊತ್ತಿಗೆ ಬಿಗಿಯಾಗುತ್ತದೆ, ನಾರು ನಜ್ಜಾಗಿ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಬೆಣೆ ತೆಗೆದು ಹೊಸದು ಹೊಡೆಯಿರಿ. ಕಾವನ್ನು ಎಮರಿ ಕಾಗದದಲ್ಲಿ ಉಜ್ಜಿ ಅಗಸೆ ಎಣ್ಣೆ ಕುಡಿಸಿ, ಒಂದು ದಿನ ಬಿಟ್ಟು ಮತ್ತೊಮ್ಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಸೀಟಿನ ಕೆಳಗೋ ಪೆಟ್ಟಿಗೆಯೊಳಗೋ ಹಾಕಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಲ್ಲಿ ಆ ಬಿಸಿ ಹೊರಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬೇಲಿಯ ಮೇಲೆ ಒಂದೇ ಪದರಾಗಿ ಹರಡಿ, ಪೂರ್ತಿ ಗರಿಗರಿ ಒಣಗಿದ ಮೇಲೆ ಎಸೆಯಿರಿ.