ಸೋಶಿಯಲ್ ವರ್ಕರ್ ಹತ್ತಿರವೂ ನೋವು ಹೇಳಿಕೊಳ್ಳಿ

ಮನೆಯವರನ್ನು ಬೆಂಗಳೂರಿನ ಕರುಣಾಶ್ರಯದಂಥ, ಗುಣವಾಗದ ರೋಗಿಗಳನ್ನು ಆರೈಕೆ ಮಾಡುವ ಹಾಸ್ಪಿಸ್‌ಗೆ ಸೇರಿಸಿದ್ದೀರಾ? ಅಲ್ಲಿನ ಸೋಶಿಯಲ್ ವರ್ಕರ್ ಬಂದು ಪಕ್ಕದಲ್ಲಿ ಕೂತರೆ, 'ಡಾಕ್ಟರಿಗೆ ಎಲ್ಲ ಹೇಳಿದ್ದೇವೆ' ಎಂದು ಕಳಿಸಿಬಿಡಬೇಡಿ. ಮಾರ್ಫಿನ್ ಕೊಟ್ಟರೂ ರಾತ್ರಿಯೆಲ್ಲ ನರಳುವ ಅಪ್ಪನನ್ನು ತೀರದ ಸಾಲವೋ, ಮಾತು ಬಿಟ್ಟ ತಮ್ಮನೋ ಒಳಗೇ ಕೊರೆಯುತ್ತಿರಬಹುದು. ಅದನ್ನು ಕೇಳಿ ತಿಳಿದು, ಆ ತಮ್ಮನಿಗೆ ಫೋನ್ ಮಾಡಿಸುವುದು, ಪಿಂಚಣಿ ಕಾಗದಪತ್ರಕ್ಕೆ ನೆರವಾಗುವುದು ಅವರ ಕೆಲಸವೇ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಡಾಕ್ಟರಾಗುವ ಮೊದಲು ನರ್ಸ್ ಆಗಿದ್ದರು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೂ ಆಗಿದ್ದರು. ಮೈ, ಮನಸ್ಸು, ಸಂಸಾರ, ನಂಬಿಕೆ ನಾಲ್ಕನ್ನೂ ಸೇರಿಸಿ ನೋವನ್ನು ನೋಡಲು ಕಲಿಸಿದವರು ಅವರೇ. 'ಚಟವಾದೀತು' ಎಂಬ ಹೆದರಿಕೆಯಿಂದ ನೀವೇ ಮಾರ್ಫಿನ್ ಡೋಸು ತಪ್ಪಿಸುತ್ತಿದ್ದರೆ ಅದನ್ನೂ ಮುಚ್ಚಿಡದೆ ಸೋಶಿಯಲ್ ವರ್ಕರ್‌ಗೆ ಹೇಳಿ. ಅವರು ಬೈಯುವುದಿಲ್ಲ; ಡಾಕ್ಟರ ಜೊತೆ ಕೂರಿಸಿ ಮಾತಾಡಿಸುತ್ತಾರೆ.