ಮೊದಲ ಕಾರಿಗೆ ಸ್ಟೀರಿಯೋ: ಮಾಡಬೇಕಾದ್ದು, ಮಾಡಬಾರದ್ದು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಹೊಸದಾಗಿ ಲೈಸೆನ್ಸ್ ಕೈಗೆ ಬಂದವರಿಗೆ ಈ ಸೂಚನೆ. ಸಿರುಮುಗೈಯ ಮಗ್ಗದ ಮನೆಯವರಿರಲಿ, ಉಡುಮಲೈ ಕಡೆಯ ತೋಟದವರಿರಲಿ, ತಿರುಪ್ಪೂರಿನ ಬನಿಯನ್ ಕಂಪನಿಗೆ ದಿನಾ ಹೋಗಿಬರುವವರಿರಲಿ, ಮೊದಲ ಕಾರು ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್: ಆಲ್ಟೋ, ವ್ಯಾಗನಾರ್, ಸ್ವಿಫ್ಟ್, ಐ10. ಕಾರಿಗೆ ಕೊಟ್ಟು ಕೈಯಲ್ಲಿ ಉಳಿದದ್ದು ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಳ್ಳೋಣ. ಅದನ್ನು ಎಲ್ಲಿ ಸುರಿಯಬೇಕು ಎಂಬುದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇವೆ: ಮುಂದಿನ ಎರಡು ಬಾಗಿಲಿಗೆ. ಡಿಕ್ಕಿಗೂ ಬೇಡ, ಡ್ಯಾಶ್‌ಬೋರ್ಡಿನ ದೊಡ್ಡ ಪರದೆಗೂ ಬೇಡ. ಏಕೆಂದು ಕೆಳಗೆ ಓದಿ.

ಅಂಗಡಿಗೆ ಹೊರಡುವ ಮೊದಲು

ಕಾರಿನಲ್ಲಿ ಈಗಾಗಲೇ ಇರುವ ಸ್ಟೀರಿಯೋ ಕೇಳಿ ನೋಡಿ. ಯುಎಸ್‌ಬಿ ಇದ್ದು, ಬ್ಲೂಟೂತ್ ಸಿಗುತ್ತಿದ್ದು, ಗುಂಡಿಗಳು ಸರಿಯಿದ್ದರೆ ಅದನ್ನು ತೆಗೆಯಬೇಡಿ. ಕಂಪನಿಯಿಂದ ಬಂದ ಕಾರುಗಳಲ್ಲಿ ಕೆಟ್ಟದ್ದಿರುವುದು ಸಾಮಾನ್ಯವಾಗಿ ಸ್ಪೀಕರು. ತೆಳ್ಳಗಿನ ಕಾಗದದ ಕೋನ್, ಸಣ್ಣ ಅಯಸ್ಕಾಂತ. ಅದೊಂದನ್ನು ಬದಲಿಸಿದರೆ ಅರ್ಧ ಕೆಲಸ ಮುಗಿಯಿತು, ದುಡ್ಡೂ ಉಳಿಯಿತು.

ಹಣವನ್ನು ಮನೆಯಲ್ಲೇ ಹಂಚಿ ಚೀಟಿ ಬರೆದುಕೊಂಡು ಹೋಗಿ. ಅಂಗಡಿಯ ಗಾಜಿನ ಮುಂದೆ ನಿಂತು ಹಂಚಲು ಆಗುವುದಿಲ್ಲ. ನಮ್ಮ ಲೆಕ್ಕ ಹೀಗೆ: ಸ್ಟೀರಿಯೋಗೆ 4,000, ಮುಂದಿನ ಒಂದು ಜೋಡಿ ಸ್ಪೀಕರಿಗೆ 3,000, ಬಾಗಿಲಿಗೆ ಅಂಟಿಸುವ ಡ್ಯಾಂಪಿಂಗ್ ಶೀಟಿಗೆ 1,500, ಕಪ್ಲರ್, ಫ್ರೇಮ್, ಕೂಲಿಗೆ 1,000. ಉಳಿದ 500 ಜೇಬಿನಲ್ಲಿರಲಿ, ಬೇಕಾಗುತ್ತದೆ. ಹಳೆಯ ಸ್ಟೀರಿಯೋ ಉಳಿಸಿಕೊಂಡಿದ್ದರೆ ಆ ನಾಲ್ಕು ಸಾವಿರದಲ್ಲಿ ಎರಡನ್ನು ಸ್ಪೀಕರಿಗೆ ಸೇರಿಸಿ, ಎರಡನ್ನು ಟೈರಿಗೆ ಎತ್ತಿಡಿ.

ಅಳತೆ ತೆಗೆದುಕೊಳ್ಳಿ. ಡ್ಯಾಶ್‌ಬೋರ್ಡಿನ ಕಿಂಡಿ 180 ಮಿಲಿಮೀಟರ್ ಅಗಲ, 50 ಎತ್ತರವಿದ್ದರೆ ಸಿಂಗಲ್ ಡಿನ್; ಎತ್ತರ 100 ಇದ್ದರೆ ಡಬಲ್ ಡಿನ್. ಬಾಗಿಲಿನ ಸ್ಪೀಕರ್ ನಾಲ್ಕು ಇಂಚೋ ಆರೂವರೆಯೋ ತಿಳಿದುಕೊಳ್ಳಿ. ಅಗಲ ಸರಿಹೋದರೆ ಸಾಲದು, ಆಳವೂ ಸರಿಹೋಗಬೇಕು. ಕಿಟಕಿಯ ಗಾಜು ಪೂರ್ತಿ ಇಳಿದಾಗ ಸ್ಪೀಕರಿನ ಬೆನ್ನಿಗೆ ತಾಗಿದರೆ ಇಳಿಯುವುದೂ ಇಲ್ಲ, ಏರುವುದೂ ಇಲ್ಲ.

ಯಾವ ಹಾಡು ಎಲ್ಲಿಂದ ಬರುತ್ತದೆ ಎಂದು ಯೋಚಿಸಿ. ನಮ್ಮ ಕಡೆ ಎಫ್‌ಎಂ ತಿರುಗಿಸಿದರೆ ತಮಿಳು ಸ್ಟೇಷನ್‌ಗಳ ಸಾಲು. ಅದರಲ್ಲಿ ಬೇಸರವೇನೂ ಇಲ್ಲ, ಇಳಯರಾಜಾ ಯಾರಿಗೆ ಬೇಡ? ಆದರೆ ಮೈಸೂರು ಆಕಾಶವಾಣಿಯ 100.6 ಇಲ್ಲಿಗೆ ತಲುಪುವುದಿಲ್ಲ, ನಡುವೆ ಬೆಟ್ಟಗಳು ಅಡ್ಡ ನಿಂತಿವೆ. ಕನ್ನಡ ಬೇಕೆಂದರೆ ಫೋನಿನಲ್ಲಿ ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆಪ್, ಇಲ್ಲವೇ ಪೆನ್‌ಡ್ರೈವ್. ಹಾಗಾಗಿ ರೇಡಿಯೋ ಹೇಗಿದೆ ಎನ್ನುವುದಕ್ಕಿಂತ ಬ್ಲೂಟೂತ್, ಯುಎಸ್‌ಬಿ ಹೇಗಿವೆ ಎನ್ನುವುದನ್ನು ನೋಡಿ. ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿಕೊಳ್ಳಿ. ಅಗ್ಗದ ಸ್ಟೀರಿಯೋಗಳಲ್ಲಿ ಹಲವು ಬೇರೆ ಬಗೆಯದನ್ನು ಓದುವುದಿಲ್ಲ. ಹಾಡಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಇಟ್ಟಿದ್ದರೆ ಪರದೆಯ ಮೇಲೆ ಬರೀ ಚೌಕಗಳು ಕಾಣಬಹುದು. ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟು ಮುಂದೆ ಹೋಗಿ.

ಅಂಗಡಿಯಲ್ಲಿ

ಡಬ್ಬದ ಮೇಲಿನ ವಾಟ್ ನಂಬಬೇಡಿ. ಇದೇ ಈ ಸೂಚನೆಯ ಮುಖ್ಯ ಕಲಮು. "ನಾಲ್ಕು ಚಾನೆಲ್‌ಗೆ ತಲಾ 50 ವಾಟ್" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಎಂಜಿನ್ ಓಡುವಾಗ ಕಾರಿನ ವೈರಿನಲ್ಲಿ ಇರುವುದು ಸುಮಾರು 14 ವೋಲ್ಟ್. ಆ 14 ವೋಲ್ಟಿನಲ್ಲಿ 4 ಓಮಿನ ಸ್ಪೀಕರಿಗೆ ದನಿ ಒಡೆಯದಂತೆ ಕಳಿಸಬಹುದಾದದ್ದು ಹೆಚ್ಚೆಂದರೆ 25 ವಾಟ್. ಈ ಬೆಲೆಯ ಸ್ಟೀರಿಯೋದಲ್ಲಿ ನಿಜಕ್ಕೂ ಸಿಗುವುದು 15ರಿಂದ 20. ಲೆಕ್ಕ ಬೇಡವೆಂದರೆ ಸ್ಟೀರಿಯೋ ತಿರುಗಿಸಿ ಬೆನ್ನಿನ ಫ್ಯೂಸ್ ನೋಡಿ. 10 ಆಂಪಿಯರ್ ಎಂದಿದ್ದರೆ, ಹತ್ತನ್ನು ಹದಿನಾಲ್ಕರಿಂದ ಗುಣಿಸಿ: 140 ವಾಟ್. ಒಳಗೆ ಹೋಗುವುದೇ 140, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. 200 ಹೊರಗೆ ಬರುವುದು ಎಲ್ಲಿಂದ? ಡಬ್ಬದ ಬದಿಯಲ್ಲಿ ಸಣ್ಣಕ್ಷರದಲ್ಲಿ "ಆರ್‌ಎಂಎಸ್" ಎಂದು ಇನ್ನೊಂದು ಅಂಕಿ ಇರುತ್ತದೆ. ಅದನ್ನು ಓದಿ. ಇಲ್ಲದಿದ್ದರೆ ಡಬ್ಬ ವಾಪಸ್ ಕೊಡಿ.

ಹಾಗಾದರೆ ಸ್ಪೀಕರನ್ನು ಯಾವುದರಿಂದ ಆರಿಸಬೇಕು? ಸೆನ್ಸಿಟಿವಿಟಿ ಎಂಬ ಅಂಕಿಯಿಂದ. 90 ಡೆಸಿಬೆಲ್ ಸ್ಪೀಕರಿನ ಬದಲು 93ರದ್ದು ಕೊಂಡರೆ, ಅದೇ ಸ್ಟೀರಿಯೋದ ಶಕ್ತಿ ಎರಡು ಪಟ್ಟಾದಷ್ಟು ದನಿ. ಮೂರು ಡೆಸಿಬೆಲ್ ಎಂದರೆ ಅಷ್ಟು. ಇದನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ, ಏಕೆಂದರೆ ಯಾರೂ ಕೇಳುವುದಿಲ್ಲ. ಕೇಳಿ. ಸೋನಿ, ಪಯೊನೀರ್, ಜೆಬಿಎಲ್, ಇನ್ಫಿನಿಟಿ, ಬ್ಲಾಪುಂಕ್ಟ್ ಇವುಗಳಲ್ಲಿ ಯಾವುದಾದರೂ ಆಗಬಹುದು. ಹೆಸರಿಗಿಂತ ಈ ಅಂಕಿ ಮುಖ್ಯ. ಬಜೆಟ್ ಇಷ್ಟೇ ಇದ್ದರೆ ಟ್ವೀಟರ್ ಬೇರೆಯಾಗಿ ಬರುವ ಕಾಂಪೊನೆಂಟ್ ಬೇಡ, ಒಳ್ಳೆಯ ಕೋಆಕ್ಸಿಯಲ್ ಸಾಕು.

ನಿಮ್ಮ ಹಾಡನ್ನೇ ಹಾಕಿಸಿ. ಅಂಗಡಿಯ ಪೆನ್‌ಡ್ರೈವಿನಲ್ಲಿರುವುದು ಯಾವ ಸ್ಪೀಕರನ್ನಾದರೂ ಚೆನ್ನಾಗಿ ತೋರಿಸುವ ಹಾಡುಗಳು. ನೀವು ನೂರು ಸಲ ಕೇಳಿದ ಒಂದು ಹಾಡು, ಒಂದಷ್ಟು ಬರೀ ಮಾತು, ಇಷ್ಟು ಕೊಂಡೊಯ್ಯಿರಿ. ಹಾಡಿನ ಸಾಹಿತ್ಯ ಸ್ಪಷ್ಟವಾಗಿ ತಿಳಿಯದಿದ್ದರೆ, ಬೇಸ್ ಎಷ್ಟೇ ಗುಡುಗಲಿ, ಅದು ಕೆಟ್ಟ ಸ್ಪೀಕರ್.

ಒಂಬತ್ತು ಇಂಚಿನ ಅಗ್ಗದ ಆಂಡ್ರಾಯ್ಡ್ ಸ್ಟೀರಿಯೋಗೆ ಮರುಳಾಗಬೇಡಿ. ಹೆಸರಿಲ್ಲದ ಇಂಥವುಗಳಲ್ಲಿ ಮೆಮೊರಿ ಇಷ್ಟು ಎಂದು ಬರೆದಿರುವುದು ಒಂದು, ಒಳಗಿರುವುದು ಇನ್ನೊಂದು ಆಗಿರಬಹುದು. ಮೇ ತಿಂಗಳಲ್ಲಿ ಧಾರಾಪುರದ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರು ಒಲೆಯಾಗುತ್ತದೆ, ಆ ಪರದೆ ಅದರಲ್ಲಿ ಬೇಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಈಗಷ್ಟೇ ಕ್ಲಚ್ಚಿನ ಲೆಕ್ಕ ಕಲಿತವರ ಕಣ್ಣು ಅವಿನಾಶಿ ರಸ್ತೆಯಲ್ಲಿರಬೇಕು. ಗುಂಡಿ ಇರುವ ಸ್ಟೀರಿಯೋವನ್ನು ನೋಡದೆಯೂ ಒತ್ತಬಹುದು.

ಉಕ್ಕಡಂ ಕಡೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಫ್ರೇಮು, ಕ್ಲಿಪ್ಪು, ಬಾಗಿಲಿನ ಗ್ರಿಲ್ಲು ಹುಡುಕಿ, ತಪ್ಪಿಲ್ಲ. ಸ್ಪೀಕರ್ ಮಾತ್ರ ಅಲ್ಲಿ ಕೊಳ್ಳಬೇಡಿ. ಕಾಯಿಲ್ ಸುಟ್ಟಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಹೊಸದು ಕೊಳ್ಳುವಾಗ ಡಬ್ಬದ ಮೇಲೆ ಎಂಆರ್‌ಪಿ, ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ ಇದೆಯೇ ನೋಡಿ. 2011ರ ಪೊಟ್ಟಣ ಸಾಮಗ್ರಿಗಳ ನಿಯಮದಂತೆ ಇವು ಇರಲೇಬೇಕು. "ತಂಬಿ, ಬಿಲ್ ಇಲ್ಲದೆ ಕೊಟ್ಟರೆ ಕಡಿಮೆ ಆಗುತ್ತೆ" ಎಂದರೆ "ಬೇಡಣ್ಣ, ಬಿಲ್ ಹಾಕಿ" ಎನ್ನಿ. ಬಿಲ್ ಇಲ್ಲದಿದ್ದರೆ ವಾರಂಟಿ ಬಾಯಿಮಾತು.

ಬಾಗಿಲು ಬಿಚ್ಚಿದಾಗ

ಅಲ್ಲೇ ನಿಂತಿರಿ. ಚಹಾಕ್ಕೆ ಹೋಗಬೇಡಿ.

ಕಂಪನಿಯ ವೈರು ಕತ್ತರಿಸಲು ಬಿಡಬೇಡಿ. ಮಾರುತಿಗೆ, ಹ್ಯುಂಡೈಗೆ ಆಯಾ ಕಾರಿನ ಕಪ್ಲರ್ ಸಿಗುತ್ತದೆ, ಕೆಲವೇ ನೂರು ರೂಪಾಯಿ. ಕತ್ತರಿಸಿ, ತಿರುಚಿ, ಟೇಪು ಸುತ್ತಿದ ವೈರು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಂಟು ಬಿಟ್ಟು, ಒಂದಕ್ಕೊಂದು ತಾಗಿ ಫ್ಯೂಸ್ ಸುಡುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡದು ಹಾಕಿದರೆ ಸುಡುವುದು ವೈರು. ಹಿಂದಿನ ಯಜಮಾನರು ಆಗಲೇ ಕತ್ತರಿಸಿದ್ದರೆ ಬೆಸುಗೆ ಹಾಕಿಸಿ, ಹೀಟ್ ಶ್ರಿಂಕ್ ತೊಡಿಸಿ. ಹಳದಿ ಬ್ಯಾಟರಿಯಿಂದ, ಕೆಂಪು ಕೀ ತಿರುಗಿಸಿದಾಗ, ಕಪ್ಪು ಅರ್ಥ್: ಹೊರಗಿನಿಂದ ತರುವ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಇದೇ ಕ್ರಮ. ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ಗಂಟು ಹಾಕಿ ಬ್ಯಾಟರಿಗೆ ಕೊಟ್ಟರೆ, ಕೀ ತೆಗೆದ ಮೇಲೂ ಸ್ಟೀರಿಯೋ ಎಚ್ಚರವಾಗಿದ್ದು ಬ್ಯಾಟರಿ ಬರಿದಾಗುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್-ಅವರಿನ ಆಸುಪಾಸು, ಹೆಚ್ಚು ತಾಳುವುದಿಲ್ಲ.

ಬಾಗಿಲಿನ ಒಳಗೆ ಬನಿಯನ್ ವೇಸ್ಟ್ ತುಂಬಬೇಡಿ. ತಿರುಪ್ಪೂರಿನಲ್ಲಿ ಮೂಟೆಗಟ್ಟಲೆ ಸಿಗುತ್ತದೆ, ಗದ್ದಲ ತಗ್ಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಗಾಜಿನ ಬದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ತೂತುಗಳಿವೆ. ಹತ್ತಿ ಬಟ್ಟೆ ಆ ನೀರನ್ನು ಹೀರಿ ಹಿಡಿದುಕೊಂಡು ತಗಡನ್ನು ತುಕ್ಕು ಹಿಡಿಸುತ್ತದೆ. ಕಿಡಿ ತಾಗಿದರೆ ಹತ್ತಿ ಏನಾಗುತ್ತದೆಂದು ತಿರುಪ್ಪೂರಿನವರಿಗೆ ಹೇಳಬೇಕಿಲ್ಲ. ತಗಡಿಗೆ ಬ್ಯೂಟೈಲಿನ ಡ್ಯಾಂಪಿಂಗ್ ಶೀಟ್ ಅಂಟಿಸಿ. ಮಾಳಿಗೆ ಸೋರಿಕೆಗೆ ಹಚ್ಚುವ ಟಾರಿನ ಶೀಟ್ ಅಗ್ಗ, ಆದರೆ ಬಿಸಿಲಿಗೆ ಕರಗಿ ಇಳಿಯುತ್ತದೆ, ನಾರುತ್ತದೆ. ತಳದ ತೂತುಗಳನ್ನು ಮುಚ್ಚಬೇಡಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಮತ್ತೆ ಅಂಟಿಸಿ. ಇಲ್ಲದಿದ್ದರೆ ಮೊದಲ ಮುಂಗಾರಿಗೇ ಸ್ಪೀಕರ್ ನೆನೆಯುತ್ತದೆ.

ಈ ಶೀಟಿಗೆ ಏಕೆ ಇಷ್ಟು ದುಡ್ಡು ಎಂದು ಅಪ್ಪ ಕೇಳಬಹುದು. ಸ್ಪೀಕರಿಗೆ ಬಾಗಿಲೇ ಪೆಟ್ಟಿಗೆ. ಸುತ್ತಲೂ ಸಂದು ಬಿಟ್ಟರೆ ಕೋನಿನ ಮುಂದಿನ ಗಾಳಿ ಹಿಂದಕ್ಕೆ ನುಸುಳಿ ಬೇಸ್ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಸಂದು ಮುಚ್ಚಿದ, ತಗಡು ನಡುಗದ ಬಾಗಿಲಲ್ಲಿ ಸಾಧಾರಣ ಸ್ಪೀಕರಿನಿಂದಲೂ ಸಾಕಷ್ಟು ಬೇಸ್ ಬರುತ್ತದೆ. ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟು ಸ್ಟೆಪ್ನಿಗೆ ದಾರಿ ಮುಚ್ಚುವ ಅಗತ್ಯವಿಲ್ಲ.

ಪ್ಲಸ್ ಮೈನಸ್ ಪರೀಕ್ಷಿಸಿ. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಟೀರಿಯೋದಿಂದ ಬಿಡಿಸಿದ ಸ್ಪೀಕರ್ ವೈರಿಗೆ ಒಂದು ಕ್ಷಣ ತಾಗಿಸಿ: ಪ್ಲಸ್‌ಗೆ ಪ್ಲಸ್ ಆದರೆ ಕೋನ್ ಹೊರಕ್ಕೆ ಜಿಗಿಯುತ್ತದೆ. ಒಂದು ಬಾಗಿಲು ಹೊರಕ್ಕೆ, ಇನ್ನೊಂದು ಒಳಕ್ಕೆ ಜಿಗಿದರೆ ತಿರುಗಿಸಿ ಹಾಕಿಸಿ. ಈ ಒಂದು ತಪ್ಪಿನಿಂದ ಬೇಸ್ ಮಾಯವಾಗಿ, ಸ್ಪೀಕರೇ ಸರಿಯಿಲ್ಲವೆಂದು ಬೇರೆ ಜೋಡಿ ಕೊಂಡವರಿದ್ದಾರೆ.

ಹಣ ಕೊಡುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ಎಸಿ, ಹೆಡ್‌ಲೈಟ್ ಹಾಕಿ ಕೇಳಿ. ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಎನ್ನುವ ಶಬ್ದ ಏರಿದರೆ ಅರ್ಥ್ ಸರಿಯಿಲ್ಲದಿರಬಹುದು, ಮೊದಲು ಅದನ್ನೇ ನೋಡಿಸಿ. ಹಾರ್ನ್, ಪವರ್ ವಿಂಡೋ, ಸೀಟ್ ಬೆಲ್ಟಿನ ಬೀಪ್, ರಿವರ್ಸ್ ಸೆನ್ಸರ್ ಎಲ್ಲವನ್ನೂ ಒಂದು ಸಲ ನೋಡಿ. 2019ರ ಜುಲೈ ನಂತರದ ಕಾರಾದರೆ 80 ಕಿಲೋಮೀಟರ್ ದಾಟಿದಾಗಿನ ಬೀಪ್ ಇರುತ್ತದೆ. ಅದನ್ನು ಕಿತ್ತುಹಾಕಿಸುವ ಮಾತೇ ಬೇಡ.

ನಂತರ ಸ್ಟೀರಿಯೋದ ಸೆಟ್ಟಿಂಗಿನಲ್ಲಿ ಎಚ್‌ಪಿಎಫ್ ಹುಡುಕಿ 80 ಹರ್ಟ್ಸ್‌ಗೆ ಇಡಿ. ಸಣ್ಣ ಸ್ಪೀಕರಿಗೆ ಆಗದ ಅಡಿದನಿಯನ್ನು ಅದು ತಡೆಯುತ್ತದೆ, ಉಳಿದದ್ದು ತಿಳಿಯಾಗುತ್ತದೆ. ಬಿಡಿಗಾಸು ಖರ್ಚಿಲ್ಲದ ಕೆಲಸ, ಆದರೂ ಹೆಚ್ಚಿನವರು ಮುಟ್ಟುವುದಿಲ್ಲ. ಬೇಸ್ ಬೂಸ್ಟನ್ನು ಆರು ಡೆಸಿಬೆಲ್ ಏರಿಸಿದರೆ ನಾಲ್ಕು ಪಟ್ಟು ಶಕ್ತಿ ಬೇಕು. 20 ವಾಟಿನ ಸ್ಟೀರಿಯೋ ಅದನ್ನು ಕೊಡಲಾರದೆ ಕಿರುಚುತ್ತದೆ.

ಬೇಡವೇ ಬೇಡ

ಆಂಪ್ಲಿಫಯರ್ ಈ ಬಜೆಟ್ಟಿನಲ್ಲಿ ಬೇಡ. ಮುಂದೆ ಎಂದಾದರೂ ಹಾಕಿಸಿದರೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲಿ, ವೈರಿನ ತುದಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ ಎನ್ನಿ.

ಒಂದೇ ಚಾನೆಲ್‌ಗೆ ಎರಡು ಸ್ಪೀಕರ್ ಪ್ಯಾರಲಲ್ ಆಗಿ ಕೊಡಬೇಡಿ, 4 ಓಮ್ 2 ಆಗಿ ಸ್ಟೀರಿಯೋ ಸುಡುತ್ತದೆ.

ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಟ್ವೀಟರ್ ಅಂಟಿಸಬೇಡಿ.

ಹಿಂದಿನ ಗಾಜಿನಡಿಯ ಹಲಗೆಯ ಮೇಲೆ ಸ್ಪೀಕರ್ ಪೆಟ್ಟಿಗೆಯನ್ನು ಸ್ಕ್ರೂ ಇಲ್ಲದೆ ಇಡಬೇಡಿ. ಗಟ್ಟಿ ಬ್ರೇಕ್ ಹಾಕಿದಾಗ ಅದು ಹಿಂದೆ ಕೂತ ಅಜ್ಜಿಯ ತಲೆಗೆ ಬರುತ್ತದೆ.

ರಸ್ತೆಯಲ್ಲಿ

ಹೊರಗಿನ ಹಾರ್ನ್ ಕೇಳಿಸುವಷ್ಟಕ್ಕೆ ದನಿ ಇಡಿ. ಹಾರ್ನ್ ತಯಾರಿಸುವ ರೂಟ್ಸ್ ಕಂಪನಿ ಕೊಯಮತ್ತೂರಿನದೇ. ಅದರ ಹಾರ್ನ್ ನಿಮ್ಮ ಕಾರಿನೊಳಗೆ ಕೇಳಿಸದಿದ್ದರೆ ತಪ್ಪು ಅವರದಲ್ಲ. ಆಳಿಯಾರಿನಿಂದ ವಾಲ್ಪಾರೈಗೆ 40 ಹೇರ್‌ಪಿನ್ ತಿರುವು; ಚಾಮರಾಜನಗರದ ನೆಂಟರ ಮನೆಗೆ ಹೋಗುವಾಗ ಪಕ್ಕದ ಈರೋಡು ಜಿಲ್ಲೆಯ ದಿಂಬಂ ಘಾಟಿಯಲ್ಲಿ 27. ತಿರುವಿನಾಚೆಯ ಲಾರಿ ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಅಲ್ಲಿ ಸ್ಟೀರಿಯೋ ಪೂರ್ತಿ ಬಂದ್ ಮಾಡಿ. ಎರಡೂ ಹುಲಿ ರಕ್ಷಿತಾರಣ್ಯಗಳು, ಆನೆ ರಸ್ತೆ ದಾಟುವ ಜಾಗಗಳು ಎಂಬುದು ಬೇರೆಯೇ ಕಾರಣ.

ಗಾಜು ಇಳಿಸಿ ಊರಿಗೆಲ್ಲ ಕೇಳಿಸಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ರಾತ್ರಿಯ ಲೆಕ್ಕ. ವಸತಿ ಪ್ರದೇಶದ ಮಿತಿ ಆಗ 45 ಡೆಸಿಬೆಲ್, ಶಾಂತ ವಲಯವೆಂದು ಘೋಷಿಸಿದ ಕಡೆ 40. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಶಬ್ದ ನಿಯಂತ್ರಣದ ಮಾನದಂಡ ಮೀರಿದ ಮೊದಲ ಅಪರಾಧಕ್ಕೇ ಹತ್ತು ಸಾವಿರದವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಮೇಲೆ ಲೈಸೆನ್ಸಿಗೂ ಕುತ್ತು. ಸ್ಟೀರಿಯೋಗೆ ಇಟ್ಟ ಹತ್ತು ಸಾವಿರದಷ್ಟೇ ದುಡ್ಡು, ಗಮನಿಸಿ.

ಕಿವಿಯ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಗಂಟೆಗಳು ಅರ್ಧಕ್ಕರ್ಧ ಇಳಿಯುತ್ತವೆ. ದಿನವಿಡೀ ನಿಟ್ಟಿಂಗ್ ಮೆಷಿನ್ನಿನ ಪಕ್ಕ ನಿಂತು ಕೆಲಸ ಮಾಡುವವರು ಆ ಗಂಟೆಗಳನ್ನು ಬಹುಪಾಲು ಅಲ್ಲೇ ಖರ್ಚು ಮಾಡಿ ಬಂದಿರುತ್ತಾರೆ. ಅವರು ಮನೆಗೆ ವಾಪಸ್ ಬರುವಾಗ ದನಿ ಇನ್ನೂ ಕಡಿಮೆ ಇಡಬೇಕು.

ಕೊನೆಯ ಕೆಲಸ ವಿಮೆಯದ್ದು. ಹೊರಗೆ ಹಾಕಿಸಿದ ಸ್ಟೀರಿಯೋ, ಸ್ಪೀಕರ್ ಕಾರಿನ ಪಾಲಿಸಿಯಲ್ಲಿ ತಾನಾಗಿ ಸೇರುವುದಿಲ್ಲ. ಐಎಂಟಿ 24 ಎಂಬ ಕಲಮಿನಡಿ ಬೆಲೆ ತಿಳಿಸಿ ಸೇರಿಸಬೇಕು. ಪ್ರೀಮಿಯಂ ಆ ಬೆಲೆಯ ಶೇಕಡಾ 4. ಹತ್ತು ಸಾವಿರದ ಸೆಟ್ಟಿಗೆ ವರ್ಷಕ್ಕೆ 400 ರೂಪಾಯಿ, ತೆರಿಗೆ ಬೇರೆ. ಅಂಗಡಿಯ ಬಿಲ್ಲಿನ ಒಂದು ಪ್ರತಿಯನ್ನು ಆರ್‌ಸಿ ಜೊತೆ ಇಡಿ, ಅದರ ಫೋಟೋ ತೆಗೆದು ಅಪ್ಪನ ಫೋನಿಗೂ ಕಳಿಸಿ.