ಕಾಡಿನ ಜಾಗದಲ್ಲಿ ಕಟ್ಟಡ: ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು?

ಬೆಂಗಳೂರಿನ ಕಂಟೋನ್ಮೆಂಟ್ ರೈಲ್ವೆ ಕಾಲೊನಿಯ 8.61 ಎಕರೆ ಜಾಗವನ್ನು ವಾಣಿಜ್ಯ ಅಭಿವೃದ್ಧಿಗೆ ಬಳಸಲು ಹೊರಟಾಗ ಅಲ್ಲಿದ್ದ 368 ಮರಗಳ ಪ್ರಶ್ನೆ ಎದ್ದಿತು. 2025ರಲ್ಲಿ ಬಿಬಿಎಂಪಿಯ ಅರಣ್ಯ ವಿಭಾಗ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಿತು. ಜನ ಬರೆದರು. ಮರ ಕಡಿಯುವುದನ್ನು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರೂ ವಿರೋಧಿಸಿದರು. ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವಾಗಿಸಲು ರಾಜ್ಯ ಸರ್ಕಾರ ಮುಂದಾಯಿತು.

ಇತ್ತ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳ ಅಂಚಿನಲ್ಲಾಗಲಿ ಮಂಚಿಕೇರಿಯಂಥ ಊರಿನಲ್ಲಾಗಲಿ ಮರ ತುಂಬಿದ ಜಾಗಕ್ಕೆ ಲೇಔಟ್, ರೆಸಾರ್ಟ್ ಬರುತ್ತದೆಂಬ ಸುದ್ದಿ ಹಬ್ಬಿದರೆ ಮೊದಲು ನೋಡಬೇಕಾದ್ದು ಪಹಣಿ. ಜಾಗ ಮಾಲ್ಕಿಯೋ (ಖಾಸಗಿ ಒಡೆತನದ್ದೋ), ಸೊಪ್ಪಿನ ಬೆಟ್ಟವೋ, ಅರಣ್ಯವೋ? ಯಾವ ಕಚೇರಿಗೆ ಹೋಗಬೇಕೆಂಬುದು ಅದರ ಮೇಲೇ ನಿಲ್ಲುತ್ತದೆ.

ಅರಣ್ಯವಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅರಣ್ಯೇತರ ಬಳಕೆಗೆ ಕೇಂದ್ರದ ಪೂರ್ವಾನುಮತಿ ಬೇಕು. ಪಂಚಾಯ್ತಿಯ ಠರಾವು ಅದರ ಬದಲಿಗೆ ನಡೆಯದು. ನಿಘಂಟಿನ ಅರ್ಥದಲ್ಲಿ ಕಾಡಾಗಿರುವ ಜಾಗಕ್ಕೂ, ಮಾಲೀಕರು ಯಾರೇ ಇರಲಿ, ಈ ಕಾಯ್ದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಹೇಳಿತು. 2023ರ ತಿದ್ದುಪಡಿ ಈ ವ್ಯಾಪ್ತಿಯನ್ನು ಕಿರಿದುಗೊಳಿಸಿದರೂ, ಸದ್ಯಕ್ಕೆ ಹಳೆಯ ಅರ್ಥವನ್ನೇ ಪಾಲಿಸಬೇಕೆಂದು 2024ರ ಫೆಬ್ರುವರಿ 19ರಂದು ಅದೇ ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು.

ಸೊಪ್ಪಿನ ಬೆಟ್ಟದ ವಿಷಯದಲ್ಲಿ ಗೊಂದಲ ಹೆಚ್ಚು. ತೋಟಕ್ಕೆ ಸೊಪ್ಪು, ದರಕು ತರುವ ಸೌಲಭ್ಯವನ್ನು ಭೂಕಂದಾಯ ಕಾಯ್ದೆಯ 79(2)ನೇ ಕಲಂ ಮುಂದುವರಿಸಿದೆ. ಆದರೆ ಸೌಲಭ್ಯವೆಂದರೆ ಒಡೆತನವಲ್ಲ. ಬೆಟ್ಟವನ್ನು ಕಟ್ಟಡಕ್ಕೆಂದು ಮಾರುವ ಮಾತು ಕೇಳಿಬಂದರೆ ತಹಶೀಲ್ದಾರರಿಗೆ ಲಿಖಿತ ದೂರು ಕೊಡಬಹುದು.

ಮಾಲ್ಕಿಯಾದರೆ ಎರಡು ಅನುಮತಿಗಳನ್ನು ಕೇಳಿ ನೋಡಬೇಕು. ಒಂದು, ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಲು ಅದೇ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಜಿಲ್ಲಾಧಿಕಾರಿಗಳ ಆದೇಶ. ಇನ್ನೊಂದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ. ಕೆಲವು ಜಾತಿಗಳನ್ನು ಬಿಟ್ಟರೆ ಸ್ವಂತ ಜಮೀನಿನ ಮರಕ್ಕೂ ಇದು ಬೇಕು. ಸಾರ್ವಜನಿಕ ಉದ್ದೇಶಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಖಾಸಗಿ ರೆಸಾರ್ಟಿನ ವಿಷಯದಲ್ಲಿ ಅಂಥ ಪ್ರಕಟಣೆಯನ್ನು ನೆಚ್ಚಿ ಕೂರುವಂತಿಲ್ಲ.

ದೊಡ್ಡ ಕಟ್ಟಡವೆಂದರೆ ಜನರ ಅಹವಾಲು ಸಭೆ ನಡೆದೇ ನಡೆಯುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆ 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳಿಗೆ ಪರಿಸರ ಅನುಮತಿ ಕಡ್ಡಾಯ ಮಾಡಿದರೂ, ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ.

ಹಾಗಾಗಿ ಕಡತವನ್ನು ಜನರೇ ಹುಡುಕಿ ಹೋಗಬೇಕು. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಕಾಯ್ದೆಯಡಿ ಪರಿವರ್ತನೆ ಆದೇಶ, ಮರಗಳ ಪಟ್ಟಿ, ಸ್ಥಳ ತನಿಖಾ ವರದಿಗಳ ನಕಲು ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆಕ್ಷೇಪಣೆ ಬರೆಯುವಾಗ ಸರ್ವೆ ನಂಬರ್, ಮರಗಳ ಜಾತಿ ಮತ್ತು ಅಂದಾಜು ಸಂಖ್ಯೆ, ಹತ್ತಿರದ ಹಳ್ಳ ಅಥವಾ ಕೆರೆ, ದಿನಾಂಕವಿರುವ ಫೋಟೊ ಸೇರಿಸಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬಾರದು.

ಅಷ್ಟರಲ್ಲಿ ಮರಕ್ಕೆ ಗರಗಸ ಬಿದ್ದರೆ? 2025ರ ಏಪ್ರಿಲ್ 3ರಂದು ಹೈದರಾಬಾದಿನ ಕಂಚ ಗಚ್ಚಿಬೌಲಿಯಲ್ಲಿ ಮರ ಕಡಿತವನ್ನು ಸುಪ್ರೀಂ ಕೋರ್ಟ್ ತಡೆದು ನಿಲ್ಲಿಸಿತು. ಉತ್ತರ ಕನ್ನಡದವರಿಗೆ ಹತ್ತಿರವಿರುವುದು ಹೈಕೋರ್ಟಿನ ಧಾರವಾಡ ಪೀಠ. ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಕಾಯ್ದೆಗಳ ಉಲ್ಲಂಘನೆಯಾಗಿದ್ದರೆ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ರಾಜ್ಯದ ವೃಕ್ಷ ಕಾಯ್ದೆ ಮಾತ್ರ ಆ ಮಂಡಳಿಯ ಪಟ್ಟಿಯಲ್ಲಿಲ್ಲ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಮಹಿಳೆಯರು, ಸಿದ್ದಿಯರೂ ಸೇರಿದಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಇಲ್ಲವೇ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.